ಅಣ್ಣನ ಹೊಟ್ಟೆನೋವು

ಆ ಕಾಲಕ್ಕೆ ದೆಹಲಿಯ ಲೋಧಿ ಕಾಲೋನಿಯ ಮಕ್ಕಳಿಗೆ ಬೇಸಿಗೆ ರಜೆಯ ದಿನ ಶುರುವಾಗುತ್ತಿದ್ದದ್ದೇ ಸಂಜೆಗೆ. ಹಗಲೆಲ್ಲ ಹೊರಗೆ ಕೆಂಡದಂಥ ಗಾಳಿ. ಕಿಟಕಿ ಮುಚ್ಚಿಕೊಂಡು ಕೂಲರಿನ ಮುಂದೆ ಬಿದ್ದುಕೊಂಡಿರುತ್ತಿದ್ದೆವು. ಅದರ ಹುಲ್ಲಿಗೆ ನೀರು ತಾಗಿದಾಗ ಮನೆಯೆಲ್ಲ ಹಸಿ ಮಣ್ಣಿನಂಥ ವಾಸನೆ. ಬಿಸಿಲು ಇಳಿಯುತ್ತಲೇ ಕಮಾನು ಬಾಗಿಲುಗಳಿಂದ ಮಕ್ಕಳು ಪಾರ್ಕಿಗೆ ಓಡುತ್ತಿದ್ದರು. ಅಲ್ಲಿ ಪಿಟ್ಠೂ ಆಟ. ನಮ್ಮ ಲಗೋರಿಯೇ ಅದು. ರಸ್ತೆಯ ಮೇಲೆ ಉದುರಿದ ನೇರಳೆ ಹಣ್ಣು ಆರಿಸಿ ಫ್ರಾಕಿಗೆ ಒರೆಸಿ ತಿಂದು ನಾಲಿಗೆ ನೇರಳೆ ಮಾಡಿಕೊಂಡು ಒಬ್ಬರಿಗೊಬ್ಬರು ತೋರಿಸುತ್ತಿದ್ದೆವು.

ಇಷ್ಟು ಬರೆದು ನಿಲ್ಲಿಸಿದರೆ ಓದುವವರಿಗೆ ಹಿತವಾಗುತ್ತದೆ ಎಂದು ನನಗೆ ಗೊತ್ತು. ಆದರೆ ಆ ಒಂದು ಬೇಸಿಗೆ ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ನಮ್ಮಪ್ಪ ಮಂಡ್ಯ ಕಡೆಯವರು. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ದೆಹಲಿಗೆ ಬಂದಿದ್ದರು. ಎಲ್ಲರೂ ಮೂರ್ತಿ ಸಾಬ್ ಎನ್ನುತ್ತಿದ್ದರು. ಮೆತ್ತನೆಯ ಮನುಷ್ಯ, ಯಾರೊಂದಿಗೂ ದನಿಯೆತ್ತಿ ಮಾತಾಡಿದವರಲ್ಲ. ಮಕ್ಕಳು ಕನ್ನಡ ಮರೆತುಬಿಡುತ್ತಾರೆ ಎಂಬುದು ಅವರಿಗಿದ್ದ ದೊಡ್ಡ ಭಯ. ಅದಕ್ಕೇ ಒಂದು ನಿಯಮ ಮಾಡಿದ್ದರು. ರಾತ್ರಿ ಊಟಕ್ಕೆ ಕೂತಾಗ ನಾನೂ ಅಣ್ಣನೂ ಒಂದೊಂದು ಹೊಸ ಕನ್ನಡ ಪದ ಹೇಳಬೇಕು. ನಾನು ಅಮ್ಮನನ್ನು ಕೇಳಿ ಒಗ್ಗರಣೆ, ಸೌಟು ಅಂತ ಹೇಳಿ ಪಾರಾಗುತ್ತಿದ್ದೆ. ಅಣ್ಣ ಗಿರೀಶ ಹಾಗಲ್ಲ. ಹನ್ನೆರಡು ವರ್ಷದ ಆ ಹುಡುಗನಿಗೆ ಪದಗಳ ಹುಚ್ಚು. ಊರಿಂದ ಬಂದ ಹಳೇ ಪೇಪರುಗಳಲ್ಲೆಲ್ಲ ಹುಡುಕುತ್ತಿದ್ದ. ಅವನು ಹೊಸ ಪದ ಹೇಳಿದಾಗ ಅಪ್ಪನ ಮುಖ ನೋಡಬೇಕಿತ್ತು.

ಪಕ್ಕದ ಬ್ಲಾಕಿನಲ್ಲಿ ದೇಚಮ್ಮ ಆಂಟಿ ಇದ್ದರು. ಕೊಡಗಿನವರು, ಸೈನ್ಯದಲ್ಲಿ ನರ್ಸಿಂಗ್ ಆಫೀಸರ್ ಆಗಿದ್ದು ಬಿಟ್ಟವರು. ನೆಟ್ಟಗೆ ನಡೆಯುವ, ನೆಟ್ಟಗೆ ಮಾತಾಡುವ ಹೆಂಗಸು. ಆ ಬೇಸಿಗೆ ಪಿಟ್ಠೂ ಆಡುತ್ತಿದ್ದ ಹುಡುಗಿಯೊಬ್ಬಳು ಸೆಖೆಗೆ ತಲೆಸುತ್ತಿ ಬಿದ್ದಳು. ನಾವೆಲ್ಲ ಸುತ್ತ ನಿಂತು ಕಿರುಚುತ್ತಿದ್ದೆವೇ ಹೊರತು ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಆಂಟಿ ಬಂದು ಅವಳನ್ನು ನೆರಳಿಗೆ ಎತ್ತಿಕೊಂಡು ಹೋಗಿ ಒದ್ದೆ ಬಟ್ಟೆ ಹಾಕಿ ಎಬ್ಬಿಸಿದರು. ಆಮೇಲೆ ನಮ್ಮ ಕಡೆ ತಿರುಗಿ, "ಇಷ್ಟು ಜನ ಇದ್ದೀರಲ್ಲ, ಒಬ್ಬರಿಗೂ ಏನೂ ಗೊತ್ತಿಲ್ಲವಾ? ಚಲೋ, ನಾಳೆಯಿಂದ ಆಟಕ್ಕೆ ಮುಂಚೆ ಅರ್ಧ ಗಂಟೆ ನನ್ನ ಹತ್ತಿರ ಬನ್ನಿ" ಎಂದರು.

ಹಾಗೆ ಪ್ರಥಮ ಚಿಕಿತ್ಸೆಯ ಕ್ಲಾಸು ಶುರುವಾಯಿತು. ಗಾಯಕ್ಕೆ ಬಟ್ಟೆ ಕಟ್ಟುವುದು, ಮೂಗಿನಿಂದ ರಕ್ತ ಬಂದರೆ ಹೇಗೆ ಕೂರಬೇಕು, ಸಕ್ಕರೆ ಉಪ್ಪಿನ ನೀರು ಹೇಗೆ ಕಲಸಬೇಕು. ನಮಗೆ ಅದೂ ಒಂದು ಆಟ. ಒಬ್ಬರ ಕೈಗೊಬ್ಬರು ದುಪಟ್ಟಾ ಸುತ್ತಿ ಪೇಷೆಂಟು ಮಾಡುತ್ತಿದ್ದೆವು. ಕೊನೆಗೆ ಆಂಟಿ ಎಲ್ಲರಿಗೂ ನಿಂಬೆ ಪೆಪ್ಪರ್‌ಮಿಂಟು ಕೊಡುತ್ತಿದ್ದರು.

ಒಂದು ಸಂಜೆ ಆಂಟಿ ಪಾರ್ಕಿನ ಸಿಮೆಂಟು ಹಾದಿಯ ಮೇಲೆ ಸೀಮೆಸುಣ್ಣದಿಂದ ಒಂದು ಮನುಷ್ಯನ ಚಿತ್ರ ಬರೆದರು. ತಲೆಯಿಂದ ಶುರು ಮಾಡಿ ಒಂದೊಂದೇ ಅಂಗದ ಹೆಸರು ಹೇಳಿಸುತ್ತ ಬಂದರು. ಹಣೆ, ಗಂಟಲು, ಎದೆ, ಹೊಕ್ಕಳು. ಹೊಕ್ಕಳಾದ ಮೇಲೆ ಜಗತ್ತಿನ ಎಲ್ಲ ದೊಡ್ಡವರೂ ಮೊಣಕಾಲಿಗೆ ಹಾರುತ್ತಾರೆ. ಆಂಟಿ ಹಾರಲಿಲ್ಲ. ಹುಡುಗರಿಗೆ ಏನಿದೆ, ಹುಡುಗಿಯರಿಗೆ ಏನಿದೆ ಎಂದು ಶಿಶ್ನ, ವೃಷಣ, ಯೋನಿ ಎಲ್ಲವನ್ನೂ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ, ನನಗೂ ಅಣ್ಣನಿಗೂ ಕನ್ನಡದಲ್ಲಿ ಹೇಳಿದರು. ಮೂಗು ಅಂದಷ್ಟೇ ಸಾಮಾನ್ಯವಾದ ದನಿಯಲ್ಲಿ.

ನಾವು ನಕ್ಕೆವು. ನಗದೆ ಏನು? ಮನೆಯಲ್ಲಿ ಅದಕ್ಕೆಲ್ಲ ಒಂದೇ ಹೆಸರು, "ಶೇಮ್ ಶೇಮ್". ಚಡ್ಡಿ ಹಾಕದೆ ಓಡುವ ಮಗುವಿಗೂ ಶೇಮ್ ಶೇಮ್, ಸ್ನಾನದಲ್ಲಿ ಸೋಪು ಹಚ್ಚುವಾಗಲೂ ಶೇಮ್ ಶೇಮ್. ಮಗುವಿನ ಮೈಯ ಒಂದು ಭಾಗಕ್ಕೆ ನಾಚಿಕೆ ಎಂದೇ ಹೆಸರಿಟ್ಟಿದ್ದರು ನಮ್ಮ ದೊಡ್ಡವರು.

ಆಂಟಿ ನಗು ನಿಲ್ಲುವವರೆಗೆ ಸುಮ್ಮನೆ ಕಾದರು. "ನಕ್ಕು ಮುಗೀತಾ? ಈಗ ಕೇಳಿ. ಇಲ್ಲಿ ಪೆಟ್ಟಾದರೆ, ಇಲ್ಲಿ ನೋವು ಬಂದರೆ, ಇಲ್ಲಿ ಯಾರಾದರೂ ಮುಟ್ಟಿದರೆ ಹೆಸರು ಹಿಡಿದು ಹೇಳಬೇಕು. ಕೂಡಲೇ ಹೇಳಬೇಕು. ಹೆಸರು ಹೇಳದೆ ಇದ್ದರೆ ಡಾಕ್ಟರಿಗೆ ಹೇಗೆ ಗೊತ್ತಾಗುತ್ತೆ?"

ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಎಂದಿನಂತೆ, "ಏನಪ್ಪ ಗಿರಿ, ಇವತ್ತಿನ ಪದ?" ಎಂದರು.

ಅಣ್ಣ ಹೆಮ್ಮೆಯಿಂದ ಹೇಳಿದ. "ವೃಷಣ. ಅಪ್ಪ, ಇದು ಕನ್ನಡಾನಾ, ಸಂಸ್ಕೃತಾನಾ?"

ಕೆನ್ನೆಗೆ ಬಿದ್ದ ಏಟಿನ ಸದ್ದು ನನಗಿನ್ನೂ ಕೇಳುತ್ತದೆ. ಅಪ್ಪ ಅಲ್ಲಿಯವರೆಗೆ ಅವನನ್ನು ಹೊಡೆದದ್ದನ್ನು ನಾನು ನೋಡಿರಲಿಲ್ಲ. ಅಣ್ಣನ ತಟ್ಟೆಯ ಅನ್ನ ನನ್ನ ಲಂಗದ ಮೇಲೆ ಚೆಲ್ಲಿತು. "ತಂಗಿ ಮುಂದೆ, ಅಮ್ಮನ ಮುಂದೆ ಅಂಥ ಮಾತಾಡ್ತೀಯಾ? ಇನ್ನೊಂದ್ಸಲ ಈ ಮನೇಲಿ ಆ ಮಾತು ಕೇಳಿಸಿದ್ರೆ ನಾಲಿಗೆ ಸೀಳ್ತೀನಿ." ಅಮ್ಮ ಬಗ್ಗಿ ಚೆಲ್ಲಿದ ಅನ್ನ ಬಳಿಯತೊಡಗಿದಳು. ಅಣ್ಣ ಅಳಲಿಲ್ಲ. ಯಾವ ತಪ್ಪು ಮಾಡಿದೆ ಎಂಬುದೇ ತಿಳಿಯದವನಂತೆ ಅಪ್ಪನನ್ನು ನೋಡುತ್ತ ಕೂತಿದ್ದ. ಅಂದಿನಿಂದ ನಮ್ಮ ಮನೆಯಲ್ಲಿ ಹೊಸ ಪದದ ಆಟ ನಿಂತಿತು.

ಮರುದಿನ ಸಂಜೆ ಪಾರ್ಕಿಗೆ ಮಕ್ಕಳಿಗಿಂತ ಮೊದಲು ದೊಡ್ಡವರು ಬಂದಿದ್ದರು. ನಮ್ಮ ಮೇಲಿನ ಮನೆಯ ಭಾಟಿಯಾ ಅಂಕಲ್ ಮುಂದಾಳು. "ಮೇಡಂ, ಬಚ್ಚೋಂ ಕೇ ಸಾಮ್ನೇ ಐಸೀ ಗಂದೀ ಬಾತೇಂ? ಶರೀಫ್ ಲೋಗೋಂ ಕೀ ಕಾಲೋನಿ ಹೈ ಯೇ" ಎಂದು ಕೂಗಾಡಿದರು. ಮಕ್ಕಳ ಮುಂದೆ ಇಂಥ ಹೊಲಸು ಮಾತೇ, ಇದು ಮರ್ಯಾದಸ್ಥರ ಕಾಲೋನಿ ಅಂತ.

"ನಾನು ಬೈಗುಳ ಹೇಳಿಕೊಟ್ಟೆನಾ? ಮೈಯ ಅಂಗದ ಹೆಸರು ಹೇಳಿದೆ" ಎಂದು ಆಂಟಿ ಹಿಂದಿಯಲ್ಲೇ ಉತ್ತರ ಕೊಟ್ಟರು.

ಅಷ್ಟರಲ್ಲಿ ಅಪ್ಪ ಮುಂದೆ ಬಂದರು. ನಮ್ಮವರು ಎಂಬ ಸಲಿಗೆಯಿಂದ ಕನ್ನಡದಲ್ಲಿ ಹೇಳಿದರು. "ಮೇಡಂ, ನೀವು ಓದಿದವರು. ಆದ್ರೆ ಇದು ಸಾರ್ವಜನಿಕ ಜಾಗ. ಇಲ್ಲಿ ಏನು ಮಾತಾಡಬೇಕು, ಏನು ಮಾತಾಡಬಾರದು ಅಂತ ಇರುತ್ತಲ್ಲ."

"ಮೂರ್ತಿಯವರೇ, ಅಲ್ಲಿ ಕೇಳಿ ಸ್ವಲ್ಪ" ಎಂದು ಆಂಟಿ ಕೈ ತೋರಿಸಿದರು. ಪಾರ್ಕಿನ ಆಚೆ ಬದಿಯಲ್ಲಿ ದೊಡ್ಡ ಹುಡುಗರ ಕ್ರಿಕೆಟ್ ನಡೆದಿತ್ತು. ಒಬ್ಬ ಔಟಾಗಿ, ಬೌಲ್ ಮಾಡಿದವನ ತಾಯಿಯನ್ನೂ ತಂಗಿಯನ್ನೂ ಹಿಡಿದು, ಅವರ ಅಂಗಗಳ ಹೆಸರೆತ್ತಿ ಇಡೀ ಕಾಲೋನಿಗೆ ಕೇಳುವಂತೆ ಬಯ್ಯುತ್ತಿದ್ದ. ಅವನು ಭಾಟಿಯಾ ಅಂಕಲ್ ಮಗನೇ. "ಇದು ದಿನಾ ಈ ಮಕ್ಕಳ ಕಿವಿಗೆ ಬೀಳುತ್ತೆ. ಯಾರಾದರೂ ಒಂದು ದಿನ ಹೋಗಿ ನಿಲ್ಲಿಸಿದ್ದೀರಾ? ಅವಮಾನ ಮಾಡೋಕೆ ಆ ಪದ ಬೇಕು, ನೋವು ಹೇಳೋಕೆ ಬೇಡವಾ?"

ಅಪ್ಪ ಹಿಂದೆ ಸರಿದರು. ಭಾಟಿಯಾ ಅಂಕಲ್, ಕ್ಲಾಸು ಬಂದ್ ಎಂದು ಘೋಷಿಸಿದರು. ಯಾರೋ ಒಂದು ಬಕೆಟ್ ನೀರು ತಂದು ಸೀಮೆಸುಣ್ಣದ ಚಿತ್ರವನ್ನು ತೊಳೆದುಬಿಟ್ಟರು. ದೇಚಮ್ಮ ಆಂಟಿಯ ಮನೆಗೆ ಕಾಲಿಡಬಾರದೆಂದು ನಮಗೆ ಅಪ್ಪಣೆಯಾಯಿತು.

ಕೆಲವು ದಿನ ಕಳೆದಿದ್ದವು. ಒಂದು ಬೆಳಿಗ್ಗೆ ಅಣ್ಣ ಹಾಸಿಗೆಯಲ್ಲೇ ಮುದುಡಿಕೊಂಡಿದ್ದ. ಮುಖ ಬಿಳಿಚಿ ಬೆವರುತ್ತಿತ್ತು.

"ಎಲ್ಲಿ ನೋವೋ ಕಂದ?" ಎಂದಳು ಅಮ್ಮ.

ಅಣ್ಣ ಬಾಗಿಲಲ್ಲಿ ನಿಂತಿದ್ದ ಅಪ್ಪನನ್ನು ನೋಡಿದ. "ಹೊಟ್ಟೆ" ಎಂದ.

ಅಮ್ಮ ಓಮದ ಕಷಾಯ ಕೊಟ್ಟಳು. ಹೊಕ್ಕಳಿಗೆ ಇಂಗು ಹಚ್ಚಿದಳು. ಅವನು ಎಲ್ಲವನ್ನೂ ವಾಂತಿ ಮಾಡಿಕೊಂಡ. ಹಿಂದಿನ ದಿನ ತಿಂದ ಗೋಲ್‌ಗಪ್ಪವೇ ಕಾರಣವೆಂದು ತೀರ್ಮಾನವಾಯಿತು. ಮಧ್ಯಾಹ್ನ ಅಪ್ಪ ಅವನನ್ನು ಡಿಸ್ಪೆನ್ಸರಿಗೆ ಕರೆದುಕೊಂಡು ಹೋದರು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಹೊರಗಿನ ತಿಂಡಿ ತಿನ್ನಬೇಡ ಎಂದು ಗದರಿ ಮಾತ್ರೆ ಬರೆದರಂತೆ. ಅವರು ಕೇಳುವಷ್ಟು ಹೊತ್ತೂ ಅಪ್ಪ ಪಕ್ಕದಲ್ಲೇ ನಿಂತಿದ್ದರು. ಆ ಹುಡುಗ ಇನ್ನೇನು ಹೇಳುತ್ತಾನೆ?

ಮರುದಿನ ಅಪ್ಪ ಆಫೀಸಿಗೆ ಹೋದ ಮೇಲೆ ಅಣ್ಣ ಗೋಡೆ ಹಿಡಿದುಕೊಂಡು, ಕಾಲು ಅಗಲಿಸಿ, ಬಚ್ಚಲಿಗೆ ಹೋಗುವುದನ್ನು ಕಂಡೆ. ಹಲ್ಲು ಕಚ್ಚಿಕೊಂಡಿದ್ದ.

"ಅಣ್ಣ, ಹೊಟ್ಟೆ ನೋವಿಗೆ ಯಾರಾದ್ರೂ ಹಾಗೆ ನಡೀತಾರಾ?"

ಅವನು ಅಡುಗೆಮನೆ ಕಡೆ ಒಮ್ಮೆ ನೋಡಿ ಪಿಸುಗುಟ್ಟಿದ. "ಹೊಟ್ಟೆ ಅಲ್ಲ ಕಣೇ. ಆಂಟಿ ಹೇಳಿದ್ರಲ್ಲ, ಅಲ್ಲಿ. ತುಂಬಾ ಊದಿದೆ. ಅಪ್ಪಂಗೆ ಹೇಳಬೇಡ, ಪ್ಲೀಸ್."

ನಾನು ಬರಿಗಾಲಲ್ಲೇ ಓಡಿದೆ. ಒಂಬತ್ತು ವರ್ಷದವಳು ನಾನು. ದೇಚಮ್ಮ ಆಂಟಿ ಬಾಗಿಲು ತೆಗೆದ ಕೂಡಲೇ ಉಸಿರು ಬಿಡದೆ ಹೇಳಿದೆ, "ಆಂಟಿ, ಅಣ್ಣನಿಗೆ ವೃಷಣದಲ್ಲಿ ನೋವು, ನಿನ್ನೆ ಬೆಳಿಗ್ಗೆಯಿಂದ." ಅವರ ಮುಖ ಬದಲಾಯಿತು. "ನಿನ್ನೆಯಿಂದಲಾ?" ಎಂದವರೇ ಒಲೆ ಆರಿಸಿ ಹೊರಟರು. ನಮ್ಮ ಮನೆಗೆ ಬಂದು ಅಣ್ಣನನ್ನು ಒಂದು ಸಲ ನೋಡಿ, ಅಮ್ಮನಿಗೆ ಹೇಳಿದ್ದು ಇಷ್ಟೇ. "ಆಟೋ ಕರೆಸಿ. ಒಂದು ನಿಮಿಷ ಕೂಡ ತಡಮಾಡಬೇಡಿ."

ವೃಷಣ ತಿರುಚಿಕೊಂಡು ಅದಕ್ಕೆ ರಕ್ತ ಹೋಗುವುದೇ ನಿಂತಿತ್ತು. ಆಸ್ಪತ್ರೆಯಲ್ಲಿ ಕೂಡಲೇ ಆಪರೇಷನ್ ಮಾಡಿದರು, ಆದರೆ ಉಳಿಸಲಾಗಲಿಲ್ಲ. ಒಂದನ್ನು ತೆಗೆದುಹಾಕಬೇಕಾಯಿತು. ಆಫೀಸಿನಿಂದ ಓಡಿಬಂದ ಅಪ್ಪನಿಗೆ ಸರ್ಜನ್ ಹೇಳಿದ ಮಾತನ್ನು ನಾನು ಅಮ್ಮನ ಸೆರಗು ಹಿಡಿದುಕೊಂಡು ಕೇಳಿದ್ದೇನೆ. "ಕಲ್ ಸುಬಹ್ ಲೇ ಆತೇ ತೋ ಬಚ್ ಜಾತಾ. ಬಚ್ಚೇ ನೇ ಬತಾಯಾ ನಹೀಂ ಕ್ಯಾ?" ನಿನ್ನೆ ಬೆಳಿಗ್ಗೆ ತಂದಿದ್ದರೆ ಉಳಿಯುತ್ತಿತ್ತು, ಮಗು ಹೇಳಲಿಲ್ಲವೇ?

ಅಪ್ಪ ಗೋಡೆಗೊರಗಿ ಅತ್ತರು. ಆ ಕ್ಷಣದಲ್ಲಿ ನನಗೆ ಅವರ ಮೇಲೆ ಕನಿಕರವಾಗಿತ್ತು, ಸುಳ್ಳು ಹೇಳುವುದಿಲ್ಲ. ನನ್ನ ಸಿಟ್ಟು ಶುರುವಾದದ್ದು ಅದಾದ ಮೇಲೆ. ಕಣ್ಣೊರೆಸಿಕೊಂಡು ಅವರು ದೇಚಮ್ಮ ಆಂಟಿಯ ಮುಂದೆ ಕೈ ಮುಗಿದು ನಿಂತರು.

"ಮೇಡಂ, ದಯವಿಟ್ಟು ಕಾಲೋನಿಯಲ್ಲಿ ಯಾರಿಗೂ ಹೇಳಬೇಡಿ. ಅಪೆಂಡಿಕ್ಸ್ ಅಂತ ಹೇಳಿಬಿಡೋಣ."

"ನಾನು ಹೇಳುವುದಿಲ್ಲ, ಅದು ಗಿರಿಯ ವಿಷಯ" ಎಂದರು ಆಂಟಿ. "ಆದರೆ ನೀವೊಂದು ಕೆಲಸ ಮಾಡಿ ಮೂರ್ತಿಯವರೇ. ನನ್ನ ಕ್ಲಾಸು ಮತ್ತೆ ನಡೀಲಿ ಅಂತ ಆ ಪಾರ್ಕಿನಲ್ಲಿ ನಿಂತು ನೀವೇ ಹೇಳಿ. ಕಾರಣ ಹೇಳಬೇಡಿ. ಅಷ್ಟು ಹೇಳಿದರೆ ಸಾಕು. ಅಲ್ಲಿ ಇನ್ನೂ ಎಷ್ಟೊಂದು ಹುಡುಗರಿದ್ದಾರೆ."

ಅಪ್ಪ ತಲೆಯಾಡಿಸಿದರು. ಆದರೆ ಹೇಳಲಿಲ್ಲ. ಅಣ್ಣ ಮನೆಗೆ ಬಂದ ಮೇಲೂ ಹೇಳಲಿಲ್ಲ, ರಜೆ ಮುಗಿದು ಶಾಲೆ ಶುರುವಾದ ಮೇಲೂ ಹೇಳಲಿಲ್ಲ. ಹಣ್ಣು ತಂದು ನೋಡಲು ಬಂದ ಭಾಟಿಯಾ ಅಂಕಲ್‌ಗೆ ಅಣ್ಣನ ಎದುರಿಗೇ "ಅಪೆಂಡಿಕ್ಸ್ ಥಾ" ಎಂದರು. ದೇಚಮ್ಮ ಆಂಟಿ ಪಾರ್ಕಿನ ಬೆಂಚಿನ ಮೇಲೆ ಕೂತಿದ್ದರೆ ನಾವು ಬೇರೆ ದಾರಿಯಿಂದ ಹೋಗಬೇಕಿತ್ತು. ಮುಂದಿನ ವರ್ಷ ಅವರ ಯಜಮಾನರಿಗೆ ವರ್ಗವಾಗಿ ಅವರು ಹೋದರು. ಅವರು ಹೋಗುವ ದಿನ ಕೈ ಬೀಸಲು ಕೂಡ ನಮ್ಮನ್ನು ಬಿಡಲಿಲ್ಲ.

ಅಪ್ಪ ಈಗಿಲ್ಲ. ಹೋದವರ ಮೇಲೆ ಏನು ಕೋಪ, ಬಿಡು ಎನ್ನುತ್ತಾಳೆ ಅಮ್ಮ. ನಾನು ಬಿಟ್ಟಿಲ್ಲ. ಗೊತ್ತಿಲ್ಲದೆ ಹೊಡೆದದ್ದನ್ನು ಕ್ಷಮಿಸಬಹುದು. ಗೊತ್ತಾದ ಮೇಲೂ ಸುಮ್ಮನಿದ್ದದ್ದನ್ನು ಹೇಗೆ ಕ್ಷಮಿಸಲಿ?

ನಾನೀಗ ದೆಹಲಿ ಪಕ್ಕದ ಇಂದಿರಾಪುರಂನ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಇದ್ದೇನೆ. ಕಳೆದ ತಿಂಗಳು ಕೆಳಗಿನ ಪಾರ್ಕಿನಲ್ಲಿ ನನ್ನ ಮಗನಿಗೆ ಕ್ರಿಕೆಟ್ ಚೆಂಡು ಬಡಿದು, ಅವನು ಕುಸಿದು ಕೂತ. ನಾನು ಓಡಿಹೋಗಿ, "ಎಲ್ಲಿ ತಾಗ್ತು? ತೊಡೆಗಾ, ವೃಷಣಕ್ಕಾ? ಟೆಸ್ಟಿಕಲ್ ಮೇ ಲಗಾ ಕ್ಯಾ?" ಎಂದು ಕೇಳಿದೆ. ತೊಡೆಗೆ ತಾಗಿತ್ತು, ಸದ್ಯ. ಆದರೆ ಆ ಸಂಜೆಯೇ ಸೊಸೈಟಿಯ ವಾಟ್ಸ್ಯಾಪ್ ಗ್ರೂಪಿನಲ್ಲಿ ಚರ್ಚೆ ಶುರು. ಮಕ್ಕಳು ಆಡುವ ಕಡೆ ತಾಯಂದಿರೇ ಇಂಥ ಭಾಷೆ ಬಳಸಿದರೆ ಹೇಗೆ, ಕ್ಷಮೆ ಕೇಳಬೇಕು ಅಂತೆ. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ಅದನ್ನು ಬರೆದ ಮಹಾಶಯರು ಪಾರ್ಕಿಂಗಿನಲ್ಲಿ ಡ್ರೈವರನಿಗೆ ಬಯ್ಯುವಾಗ ಹದಿನಾಲ್ಕನೇ ಮಹಡಿಯಲ್ಲಿರುವ ನಾನು ಬಾಲ್ಕನಿ ಬಾಗಿಲು ಹಾಕಿಕೊಳ್ಳಬೇಕಾಗುತ್ತದೆ. ನಾನು ಕ್ಷಮೆ ಕೇಳಲಿಲ್ಲ. ಆ ಪದವನ್ನೇ ಮೂರು ಭಾಷೆಯಲ್ಲಿ ಬರೆದು ಹಾಕಿದೆ.

ಆ ಭಾನುವಾರ ಗುರುಗ್ರಾಮದಿಂದ ಅಣ್ಣ ಬಂದ, ಹತ್ತು ವರ್ಷದ ಮಗನನ್ನು ಕರೆದುಕೊಂಡು. ಸುದ್ದಿ ಅವನಿಗೂ ಮುಟ್ಟಿತ್ತು. "ಛೋಡ್ ನಾ ಯಾರ್, ಬಿಟ್ಟುಬಿಡೇ" ಎಂದ. "ಸಾರಿ ಅಂತ ಒಂದು ಮೆಸೇಜ್ ಹಾಕಿಬಿಡು. ಇದನ್ನೆಲ್ಲ ಪಬ್ಲಿಕ್ಕಾಗಿ ಮಾತಾಡೋ ಅಗತ್ಯ ಏನಿದೆ?"

ನಾನು ಅವನ ಮುಖವನ್ನೇ ನೋಡಿದೆ. "ನಿನ್ನ ಮಗನಿಗೆ ಹೇಳಿದ್ದೀಯಾ?"

"ಅವರಮ್ಮ ಹೇಳ್ತಾಳೆ."

"ಹೇಳಿದ್ದಾಳಾ?"

ಅಣ್ಣ ಫೋನು ಕೈಗೆತ್ತಿಕೊಂಡ. ನಾನು ಬಾಲ್ಕನಿಯಲ್ಲಿ ಆಡುತ್ತಿದ್ದ ಹುಡುಗನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಅವನಿಗೆ ಬರುವ ಹಿಂದಿ ಇಂಗ್ಲಿಷಿನಲ್ಲೇ, ಅವನ ಮೈಯ ಅಂಗಗಳ ಹೆಸರು ಹೇಳಿದೆ, ಅಲ್ಲಿ ನೋವು ಬಂದರೆ ಏನು ಮಾಡಬೇಕೆಂದು ಹೇಳಿದೆ. ಮೊದಲು ನಕ್ಕ, ಆಮೇಲೆ ಗಮನವಿಟ್ಟು ಕೇಳಿದ. "ಬುವಾ, ಯೇ ಪಾಪಾ ಕೋ ಪತಾ ಹೈ?" ಎಂದ. ಅತ್ತೆ, ಇದು ಅಪ್ಪನಿಗೆ ಗೊತ್ತಾ?

ನಾನು ತಿರುಗಿ ನೋಡಿದೆ. ಅಣ್ಣ ಎದ್ದು ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಿದ್ದ.

ಡಾಕ್ಟರು ಅಂದೇ ಹೇಳಿದ್ದರು, ಒಂದಿದ್ದರೆ ಸಾಕು, ಮದುವೆಗಾಗಲಿ ಮಕ್ಕಳಿಗಾಗಲಿ ತೊಂದರೆಯಿಲ್ಲ ಎಂದು. ಅವರು ಹೇಳಿದಂತೆಯೇ ಆಯಿತು. ಆಸ್ಪತ್ರೆಯಲ್ಲಿ ಕಳೆದುಕೊಂಡದ್ದನ್ನು ಅಣ್ಣನ ಮೈ ಎಂದೋ ಮರೆತಿದೆ. ಆದರೆ ನಲವತ್ತರ ಹೊಸ್ತಿಲಲ್ಲಿರುವ ಒಬ್ಬ ಗಂಡಸು, ತನ್ನ ಮಗನ ಪ್ರಶ್ನೆಗೆ "ಗೊತ್ತು" ಎಂಬ ಒಂದು ಮಾತು ಹೇಳಲಾರದೆ ಮುಚ್ಚಿದ ಬಾಗಿಲ ಹಿಂದೆ ಕೂತಿದ್ದಾನೆ. ಆ ಒಂದು ಮಾತನ್ನು ಅವನಿಂದ ಕಿತ್ತುಕೊಂಡವರು ಯಾರೂ ಕೆಟ್ಟವರಾಗಿರಲಿಲ್ಲ. ಎಲ್ಲರೂ ಮರ್ಯಾದಸ್ಥರೇ.