ಸಾಲಿನ ನಡುವಿನ ಉಸಿರು

ಅವ್ವ ಮತ್ತೆ ಹಾಡುತ್ತೇನೆ ಅಂದಾಗ ನಾನು ವಿರೋಧ ಪಕ್ಷದಲ್ಲಿದ್ದೆ. ಯಾರೂ ನನ್ನನ್ನು ಅಲ್ಲಿ ಕೂರಿಸಿರಲಿಲ್ಲ. ವಿಲೆ ಪಾರ್ಲೆಯ ಕಾಲೇಜಿನಲ್ಲಿ ಡಿಬೇಟ್ ಮಾಡಿಕೊಂಡು ಬೆಳೆದವರಿಗೆ, ಮನೆಯಲ್ಲಿ ಯಾರಾದರೂ ಒಂದು ವಾಕ್ಯ ಆಡಿದರೆ ಸಾಕು, ಎದುರಿನ ಕುರ್ಚಿ ತಾನಾಗಿ ಖಾಲಿ ಕಾಣುತ್ತದೆ.

"ಇನ್ನ ಮ್ಯಾಲ ನಾ ಸೋಮವಾರದ ಭಜನಿಗೆ ಹೋಗಾಕಿ," ಅಂದಳು ಮೆಂತ್ಯದ ಸೊಪ್ಪು ಬಿಡಿಸುತ್ತಾ.

"ಕೇಳಾಕೋ, ಹಾಡಾಕೋ?"

"ಕೇಳಾಕ ನಿನ್ನ ಮಾತು ಸಾಲಂಗಿಲ್ಲೇನು ಮನ್ಯಾಗ?"

ಅವಳ ಶ್ವಾಸನಾಳಗಳು ಕಿರಿದಾಗಿವೆ. ಒಳಗೆ ಹೋದ ಗಾಳಿ ಹೊರಗೆ ಬರಲು ತಕರಾರು ತೆಗೆಯುತ್ತದೆ. ಸಿಒಪಿಡಿ ಎನ್ನುತ್ತಾರೆ. ನಮ್ಮ ಮನೆತನದಲ್ಲಿ ಯಾರೂ ಒಂದು ಬೀಡಿ ಹಚ್ಚಿದವರಲ್ಲ. ಆದರೆ ಧಾರವಾಡದಿಂದ ಮದುವೆಯಾಗಿ ಅವಳು ಬಂದಿಳಿದದ್ದು ಬೈಕುಲ್ಲಾದ ಒಂದು ಚಾಳಿಗೆ. ಕೆಳಗೆ ಒಣಮೆಣಸಿನಕಾಯಿ ಗೋದಾಮು, ಮೇಲೆ ಸಂಸಾರ. ಹೊಸ ಸೊಸೆ ಅಳುತ್ತಿದ್ದಾಳೋ ಸೀನುತ್ತಿದ್ದಾಳೋ ಯಾರಿಗೂ ತಿಳಿಯುತ್ತಿರಲಿಲ್ಲವಂತೆ. ಡಾಕ್ಟರು ಮಾತ್ರ ಯಾರ ಮೇಲೂ ಆರೋಪ ಹೊರಿಸಲಿಲ್ಲ. ಮೆಣಸಿನಕಾಯಿ ಇರಬಹುದು, ಸೀಮೆಎಣ್ಣೆ ಸ್ಟೋವ್ ಇರಬಹುದು, ಮುಂಬೈಯೇ ಇರಬಹುದು ಅಂದರು. ಮೂವರು ಶಂಕಿತರು, ಶಿಕ್ಷೆ ಅವ್ವನಿಗೆ.

ಹುಡುಗಿಯಾಗಿದ್ದಾಗ ಅವಳು ಒಬ್ಬ ಮಾಸ್ತರರ ಹತ್ತಿರ ಹಾಡು ಕಲಿತಿದ್ದಳು. ಮದುವೆಯಾದ ಮೇಲೆ ನಿಂತುಹೋಯಿತು. ಅತ್ತೆಮಾವ, ಅಪ್ಪ, ಯಾರೂ ಬೇಡ ಅನ್ನಲಿಲ್ಲ. ತೊಂದರೆಯಾದದ್ದೇ ಅಲ್ಲಿ. ಬೇಡ ಅಂದಿದ್ದರೆ ವಾದಿಸಬಹುದಿತ್ತು. ಸುಮ್ಮನೆ ಎಲ್ಲರೂ ಚಹಾ ಕೇಳಿದರು, ಅವಳು ಚಹಾ ಮಾಡಿದಳು, ವರ್ಷಗಳು ಹೋದವು. ನಾವು ಬೊರಿವಲಿಯ ಬಿಲ್ಡಿಂಗಿಗೆ ಬಂದೆವು, ಗೋದಾಮಿನ ಘಾಟು ಹಿಂದೆ ಉಳಿಯಿತು, ಕೆಮ್ಮು ಮಾತ್ರ ನಮ್ಮ ಜೊತೆ ಲೋಕಲ್ ಹತ್ತಿ ಬಂತು.

ಊಟದ ಟೇಬಲ್ಲಿನಲ್ಲಿ ನನ್ನ ವಾದ ಮಂಡಿಸಿದೆ. ಹಾಡಿದರೆ ಎದೆ ಗಟ್ಟಿಯಾಗುತ್ತದೆಂದು ಮೊಬೈಲಿಗೆ ಬರುವ ಮೆಸೇಜುಗಳಿಗೆ ಆಧಾರವಿಲ್ಲ. ಸ್ಟೇಷನ್ನಿನ ಮೆಟ್ಟಿಲು ಹತ್ತಿ ನಿಂತು ಉಸಿರು ತೆಗೆದುಕೊಳ್ಳುವವರು ಹಾಡಿನ ಸಾಲನ್ನು ಹೇಗೆ ಹತ್ತುತ್ತಾರೆ? ಇಷ್ಟು ವರ್ಷ ಬಿಟ್ಟದ್ದನ್ನು ಈಗ ಹಿಡಿಯುವುದು ಭಾವುಕತೆ, ನಿರ್ಧಾರವಲ್ಲ.

"ಮುಗೀತ?" ಅಂದಳು ಅವ್ವ. "ಅನ್ನ ಹಾಕ್ಲಿ?"

ಅಪ್ಪ ತಲೆ ಎತ್ತದೆ ಅವಳಿಗೆ "ಹಾಕು" ಅಂದ. ಆಮೇಲೆ ನನಗೆ, "ಆಕಿ ಉತ್ತರ ಕೊಟ್ಟಾಳ, ನಿನಗ ತಿಳೀಲಿಲ್ಲ."

ನಾನು ಡಾಕ್ಟರನ್ನು ಸಾಕ್ಷಿಗೆ ಕರೆದೆ. ಅವರು ನನ್ನ ಪಕ್ಷಕ್ಕೆ ಬರುತ್ತಾರೆಂದು ಖಾತ್ರಿಯಿತ್ತು. ಎದೆಗೆ ಸ್ಟೆತಸ್ಕೋಪ್ ಇಟ್ಟೇ ಅವರು ಮರಾಠಿಯಲ್ಲಿ ಹೇಳಿದ್ದರ ಸಾರಾಂಶ ಇಷ್ಟು: ಹಾಡಿದರೆ ಶ್ವಾಸಕೋಶ ಹೊಸದಾಗುವುದಿಲ್ಲ. ಹಾಡದಿದ್ದರೂ ಆಗುವುದಿಲ್ಲ. ಆಯಾಸವಾದರೆ ನಿಲ್ಲಿಸಿ, ಇನ್ಹೇಲರಿನ ಪಂಪು ಕೈಯಲ್ಲಿರಲಿ. ಅವ್ವ ಇದನ್ನು ಆಶೀರ್ವಾದದಂತೆ ತೆಗೆದುಕೊಂಡಳು. ನಾನು ಸಾಕ್ಷಿ ಕೈಕೊಟ್ಟ ವಕೀಲನಂತೆ ರಿಕ್ಷಾ ಹುಡುಕಿದೆ.

ಮೊದಲ ಸೋಮವಾರ ನಾನೂ ಹೋದೆ. ಪಂಪು ಹಿಡಿಯಲು ಎಂದು ಹೇಳಿಕೊಂಡೆ. ಹೋಗಿದ್ದು ನನ್ನ ವಾದಕ್ಕೆ ಪುರಾವೆ ಸಿಗುತ್ತದೆಂದು.

ಭಜನೆ ನಡೆಯುವುದು ಪಕ್ಕದ ವಿಂಗಿನ ನೆಲಮಹಡಿಯಲ್ಲಿ, ವಿಜಾಪುರ ಕಡೆಯ ಒಬ್ಬ ಹಿರಿಯ ಹೆಣ್ಣುಮಗಳ ಮನೆಯಲ್ಲಿ. ಹಾರ್ಮೋನಿಯಂ ಪೆಟಿಗಿ ಅವರದೇ, ಹಾಗಾಗಿ ಎಲ್ಲರಿಗೂ ಅವರು ಪೆಟಿಗಿ ಕಾಕು. ಅಲ್ಲಿನ ಪದ್ಧತಿ ಸರಳ. ಒಬ್ಬರು ಒಂದು ಸಾಲು ಹೇಳಿಕೊಡಬೇಕು, ಉಳಿದವರು ಅದನ್ನೇ ಹಾಗೇ ಹಿಂದೆ ಅನ್ನಬೇಕು. ಯಾರ ಮುಂದೆಯೂ ಪುಸ್ತಕವಿಲ್ಲ, ಎಲ್ಲರಿಗೂ ಎಲ್ಲಾ ಬಾಯಿಪಾಠ. ಹೇಳಿಕೊಡುವವರು ಮರೆತು ತಡವರಿಸಿದರೆ ಯಾರಾದರೂ ಥಟ್ಟನೆ ಸಾಲು ಎತ್ತಿ ಮುಗಿಸಿಬಿಡುತ್ತಾರೆ. ಮರೆತವರ ಮಾನ ಕಾಯುವ ಉಪಕಾರ ಅದು.

ಅವ್ವನ ಸರದಿ ಬಂತು. ದನಿ ಎತ್ತಿದಳು. ಸ್ವಲ್ಪ ಒರಟಾಗಿತ್ತು, ಆದರೆ ನೇರವಾಗಿತ್ತು. ಆ ದನಿ ನಮ್ಮ ಅಡುಗೆಮನೆಯಲ್ಲಿ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ. ಅರ್ಧ ಸಾಲಾಯಿತು, ಒಂದು ಪದ ಮುಗಿಯಿತು, ಅವಳು ಉಸಿರಿಗಾಗಿ ನಿಂತಳು. ಅಷ್ಟರಲ್ಲಿ ಇಡೀ ಕೋಣೆ ಉಪಕಾರಕ್ಕೆ ಇಳಿಯಿತು. ಉಳಿದ ಅರ್ಧ ಸಾಲನ್ನು ಎಲ್ಲರೂ ಸೇರಿ ಎತ್ತಿ, ದಡ ಮುಟ್ಟಿಸಿ, ಅವಳ ಕಡೆ ನೋಡಿ ಮುಗುಳ್ನಕ್ಕರು. ಮುಂದಿನ ಸಾಲಿಗೂ ಅದೇ ಗತಿ. ಅದರ ಮುಂದಿನದಕ್ಕೂ.

"ಮರ್ತಾವು ಬಿಡ್ರಿ ಅಕ್ಕಾರ, ಎಷ್ಟ ವರ್ಷ ಆತು!" ಅಂದರು ಪೆಟಿಗಿ ಕಾಕು, ಬಹಳ ಪ್ರೀತಿಯಿಂದ. "ಮುಂದಿನ ವಾರ ನೀವು ತಾಳ ಹಿಡೀರಿ."

ತಾಳ ಎಂದರೆ ಅಲ್ಲಿ ನಿವೃತ್ತಿಯ ಸನ್ಮಾನ.

ಅವ್ವನಿಗೆ ಒಂದು ಅಕ್ಷರವೂ ಮರೆತಿರಲಿಲ್ಲ. ಅದನ್ನು ಹೇಳಲು ಆ ಹೊತ್ತಿನಲ್ಲಿ ಉಸಿರಿರಲಿಲ್ಲ. ಲಿಫ್ಟಿನ ಮುಂದೆ ನಿಂತಾಗ ಅಂದಳು, "ಒಂದs ಒಂದು ಸಾಲು, ನಾನs ಹಿಡಿದು ನಾನs ಮುಗಸಬೇಕಂತ ಇತ್ತು. ಅದೂ ಆಗದಿದ್ರ ತಾಳಾ ಬಡಿಯಾಕ ನಾ ಹೋಗಂಗಿಲ್ಲ. ನೀ ಗೆದ್ದಿ, ತೊಗೊ."

ಗೆಲುವು ಹಾಗೆ ಕೈಗೆ ಬಂದಾಗ ನನಗೆ ಸಿಟ್ಟು ಬಂತು. ಗೆದ್ದಿದ್ದು ನನ್ನ ವಾದವಾಗಿರಲಿಲ್ಲ. ಅವಳನ್ನು ಸೋಲಿಸಿದ್ದು ಶ್ವಾಸಕೋಶವಲ್ಲ, ಮಧ್ಯೆ ಬಾಯಿ ಹಾಕಿದವರು. ವೈದ್ಯಕೀಯದಲ್ಲಿ ನಾನು ಅಜ್ಞಾನಿ. ಮಧ್ಯೆ ಬಾಯಿ ಹಾಕುವವರ ವಿಷಯದಲ್ಲಿ ನನಗೆ ತರಬೇತಿಯಿದೆ.

"ಅವ್ವಾ, ನೀ ಉಸುರು ತಪ್ಪು ಜಾಗಾದಾಗ ತೊಗೋತಿ," ಅಂದೆ ಮರುದಿನ.

"ಉಸುರು ತಪ್ಪಿದಾಗ ಜಾಗಾ ನೋಡಿ ತಪ್ಪತದೇನು?"

ಡಿಬೇಟಿನಲ್ಲಿ ನಮಗೆ ಹೇಳಿಕೊಡುವ ಒಂದು ಉಪಾಯವನ್ನು ಅವಳಿಗೆ ಹೇಳಿದೆ. ಮಾತು ಮುಗಿದಂತೆ ಕಾಣುವ ಕಡೆ ಉಸಿರು ಎಳೆದರೆ ಎದುರಿನವನು ಎದ್ದು ನಿಲ್ಲುತ್ತಾನೆ. ಮಾತು ಗಾಳಿಯಲ್ಲಿ ತೂಗಾಡುವ ಕಡೆ, "ಆದ್ದರಿಂದ" ಎಂದಾದ ಮೇಲೆ, ಉಸಿರು ಎಳೆಯಬೇಕು. ಆಗ ಯಾರಿಗೂ ನುಗ್ಗಲು ಧೈರ್ಯ ಬರುವುದಿಲ್ಲ. ಮತ್ತೆ, ಪೂರ್ತಿ ದಣಿಯುವ ತನಕ ಕಾಯಬಾರದು. ಇನ್ನೂ ಸ್ವಲ್ಪ ಉಳಿದಿರುವಾಗಲೇ ನಿಲ್ಲಬೇಕು.

"ಸಾಲು ಮುರೀಬಾರದು ಅಂತ ಮಾಸ್ತರರು ಬೆತ್ತಾ ಹಿಡಿದು ಕಲಿಸ್ಯಾರ. ಇದನ್ನ ಕೇಳಿದ್ರ ಎದ್ದ ಹೋಗ್ತಿದ್ರು."

"ಮಾಸ್ತರರ ಎದಿ ಛಲೋ ಇತ್ತು."

ಅವಳು ಸಾಲನ್ನು ಬಾಯಲ್ಲೇ ಒಮ್ಮೆ ಗುನುಗಿದಳು. ಆಮೇಲೆ ನಾನು ತೋರಿಸಿದ ಜಾಗಗಳನ್ನೆಲ್ಲ ಒಂದೊಂದಾಗಿ ತಿರಸ್ಕರಿಸಿದಳು. ಇಲ್ಲಿ ನಿಂತರೆ ಅರ್ಥ ಕೆಡುತ್ತದೆ, ಅಲ್ಲಿ ನಿಂತರೆ ಶ್ರುತಿ ಇಳಿಯುತ್ತದೆ. ಕೊನೆಗೆ ತಾನೇ ಒಂದು ಜಾಗ ಹುಡುಕಿದಳು: ದೇವರನ್ನು ಕರೆದಾದ ಮೇಲೆ, ಏನು ಬೇಕೆಂದು ಕೇಳುವ ಮೊದಲು. ವಾರವಿಡೀ ಕುಕ್ಕರಿನ ಸೀಟಿಗಳ ನಡುವೆ ದೇವರನ್ನು ಕರೆದು ಸುಮ್ಮನಾಗುವುದು ನಡೆಯಿತು. ಕರೆದು ಹೀಗೆ ಬಾಯಿ ಮುಚ್ಚಿಕೊಂಡರೆ ದೇವರು ರಾಂಗ್ ನಂಬರ್ ಅಂದುಕೊಳ್ಳುತ್ತಾನೆ ಎಂದೆ. "ನೀ ನಂಬಂಗಿಲ್ಲಲ್ಲ, ನಿನಗ್ಯಾಕ ಅವನ ಚಿಂತಿ?" ಅಂದಳು.

ಮುಂದಿನ ಸೋಮವಾರ ಪೆಟಿಗಿ ಕಾಕು ತಾಳ ಚಾಚಿದರು. ಅವ್ವ ಅದನ್ನು ತೆಗೆದುಕೊಂಡು ನನ್ನ ಮಡಿಲಿಗೆ ಹಾಕಿದಳು. "ಇವತ್ತ ನಾನs ಹೇಳಿಕೊಡ್ತೀನ್ರಿ."

ಕಣ್ಣು ಮುಚ್ಚಿ ಸಾಲು ಹಿಡಿದಳು. ದೇವರನ್ನು ಕರೆದಳು. ನಿಂತಳು.

ಪಕ್ಕದಲ್ಲಿದ್ದವರು ಬಾಯಿ ತೆರೆದರು, ಅವಳು ಮರೆತಳೋ ಬೇಕೆಂದೇ ನಿಂತಳೋ ತಿಳಿಯದೆ ಮತ್ತೆ ಮುಚ್ಚಿದರು. ಪೆಟಿಗಿ ಕಾಕುವಿನ ಬೆರಳು ಒಂದೇ ಸ್ವರದ ಮೇಲೆ ಒತ್ತಿ ಕೂತಿತು. ಹೊರಗೆ ಯಾರೋ ಸ್ಕೂಟರ್ ಶುರು ಮಾಡಿದರು. ನಾನು ಪಂಪಿನ ಮುಚ್ಚಳ ತೆಗೆದೆ. ಅವ್ವ ಕಣ್ಣು ತೆರೆಯದೆ ಕೈಯಾಡಿಸಿ ಬೇಡವೆಂದಳು, ಉಳಿದ ಅರ್ಧ ಸಾಲನ್ನು ಹಿಡಿದಳು, ನಿಧಾನವಾಗಿ, ಕೊನೆಯ ಅಕ್ಷರದ ತನಕ ತಾನೊಬ್ಬಳೇ ಹೋಗಿ ಮುಟ್ಟಿದಳು.

ಆಮೇಲೆ ನಡೆದದ್ದನ್ನು ನನ್ನ ಯಾವ ತರಬೇತಿಯೂ ಊಹಿಸಿರಲಿಲ್ಲ. ಹೇಳಿಕೊಟ್ಟದ್ದನ್ನು ಹಾಗೇ ಅನ್ನಬೇಕೆಂಬುದು ಅಲ್ಲಿನ ನಿಯಮವಲ್ಲವೇ? ಎಲ್ಲರೂ ಸೇರಿ ದೇವರನ್ನು ಕರೆದರು, ಕರೆದು ಸರಿಯಾಗಿ ಅದೇ ಜಾಗದಲ್ಲಿ ನಿಂತರು. ದಿನಾ ಬೆಳಿಗ್ಗೆ ನ್ಯಾಷನಲ್ ಪಾರ್ಕಿನಲ್ಲಿ ನಡೆದು ಬರುವ, ಲೋಕಲ್‌ನಲ್ಲಿ ಸೀಟಿಗಾಗಿ ಇಡೀ ಬೋಗಿಗೆ ಕೇಳುವಂತೆ ಕೂಗಬಲ್ಲ, ಗಟ್ಟಿಮುಟ್ಟಾದ ಎದೆಯ ಹೆಂಗಸರು ಅವ್ವನಷ್ಟೇ ಹೊತ್ತು ಉಸಿರಿಗೆ ನಿಂತು, ಆಮೇಲೆ ಮುಂದುವರಿದರು. ಅವರು ಅನ್ನುವಷ್ಟು ಹೊತ್ತು ಅವ್ವ ಆರಾಮಾಗಿ ಕೂತು ಗಾಳಿ ಸೇರಿಸಿಕೊಂಡಳು.

"ಎಂಥಾ ಭಾವ ರೀ!" ಎಂದು ಒಬ್ಬರು ಕಣ್ಣೊರೆಸಿಕೊಂಡರು.

"ಧಾರವಾಡದ ಹಳೇ ಧಾಟಿ ಇರಬೇಕದು," ಅಂದರು ಪೆಟಿಗಿ ಕಾಕು. "ಮೊದಲs ಹೇಳಬಾರದೇನ್ರಿ ಅಕ್ಕಾರ?"

ಶ್ವಾಸಕೋಶದ ಶಕ್ತಿ ಅಳೆಯುವ ಅವ್ವನ ಊದುವ ಪರೀಕ್ಷೆಯ ಫಲಿತಾಂಶ ಈಗಲೂ ಮೊದಲಿನಷ್ಟೇ ಇದೆ. ಹಾಡಿನಿಂದ ಯಾವ ಪವಾಡವೂ ಆಗಿಲ್ಲ. ಆ ವಿಷಯದಲ್ಲಿ ನನ್ನ ವಾದ ಅಳ್ಳಾಡಿಲ್ಲ. ಅವಳಿಗೆ ಅದು ಬೇಕಾಗಿಯೂ ಇಲ್ಲ. ಅವಳ ಹಾಡನ್ನು ಬೇರೆಯವರು ಹೇಳಿಕೊಡುವಾಗಲೂ ಆ ಜಾಗ ಬಂದ ಕೂಡಲೇ ಕೋಣೆಗೆ ಕೋಣೆಯೇ ನಿಲ್ಲುತ್ತದೆ. ಮೊನ್ನೆ ಹೊಸದಾಗಿ ಸೇರಿದ ಒಬ್ಬರು ನಿಲ್ಲದೆ ಮುಂದೆ ಹೋದದ್ದಕ್ಕೆ ಪೆಟಿಗಿ ಕಾಕು ಕಣ್ಣು ಬಿಟ್ಟರು.

ಅಂದು ಲಿಫ್ಟಿಗೆ ಕಾಯುವಾಗ ನನಗೆ ತಡೆಯಲಾಗಲಿಲ್ಲ. "ಅವ್ವಾ, ಅದು ಭಾವ ಅಲ್ಲ, ಧಾಟೀನೂ ಅಲ್ಲ, ಖಾಲಿ ದಮ್ಮು ಅಂತ ಅವರಿಗೆ ಹೇಳೇ ಬಿಡ್ಲೇನು?"

"ಹೇಳು," ಅಂದಳು ಅವ್ವ, ಗೋಡೆಗೆ ಒರಗಿ, ಮಾತಿನ ನಡುವೆ ತನ್ನ ಜಾಗದಲ್ಲಿ ನಿಂತು. ನಾನು ಬಾಯಿ ತೆರೆದೆ. ಅವಳು ಬೆರಳೆತ್ತಿದಳು. "ನಾ ಇನ್ನೂ ಮುಗಸಿಲ್ಲ."