ಲೋಲಕದ ಲೆಕ್ಕಕ್ಕೆ ಸಿಕ್ಕದ ನಾಣ್ಯ

ನಮ್ಮ ಬೀದಿಯ ಗಡಿಯಾರದಣ್ಣನಿಗೆ ಈ ಜಗತ್ತಿನಲ್ಲಿ ಒಂದೇ ಒಂದು ಸಂಗತಿಯ ಮೇಲೆ ಪೂರ್ತಿ ನಂಬಿಕೆ: ಆ ಕಡೆ ಹೋದದ್ದು ಈ ಕಡೆಗೆ ಬಂದೇ ಬರುತ್ತದೆ. ಮೂವತ್ತೊಂದು ವರ್ಷ ಲೋಲಕಗಳ ಜೊತೆ ಸಂಸಾರ ಮಾಡಿದವನಿಗೆ ಬೇರೆ ವೇದಾಂತದ ಅಗತ್ಯವೂ ಬಿದ್ದಿರಲಿಲ್ಲ.

ರಿಪೇರಿಯಾದ ಗಡಿಯಾರವನ್ನು ಆತ ಕೂಡಲೇ ಕೊಡುವವನಲ್ಲ. ಗೋಡೆಗೆ ತೂಗುಹಾಕಿ, ದಿನವೂ ಬೆಳಗ್ಗೆ ಒಂಬತ್ತಕ್ಕೆ, ಎಷ್ಟು ಸೆಕೆಂಡು ಮುಂದೆ, ಎಷ್ಟು ಹಿಂದೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾನೆ. ಹೀಗೆ ಕೆಲವು ವಾರ ಬರೆದರೆ ಅದರ ಸ್ವಭಾವ ಗೊತ್ತಾಗುತ್ತದಂತೆ. “ಗಡಿಯಾರದ್ದು ಗೊತ್ತಾಗುತ್ತೆ. ಗಂಡಂದು ಮೂವತ್ತು ವರ್ಷ ಆದ್ರೂ ಗೊತ್ತಾಗಲ್ಲ” ಎನ್ನುವುದು ಅವನ ಹೆಂಡತಿ, ಬೀದಿಗೆಲ್ಲ ಅತ್ತಿಗೆಯಾದವಳ ಅಂಬೋಣ.

ಅತ್ತಿಗೆಯ ಎರಡೂ ಮೊಣಕಾಲು ಸವೆದುಹೋಗಿದ್ದವು. ಅಂಗಡಿಯ ಮೇಲಿನ ಮನೆಯಿಂದ ಇಳಿದು ಬರಲು ಹದಿನೇಳು ಮೆಟ್ಟಿಲು. ಒಂದೊಂದಕ್ಕೂ ಒಂದೊಂದು ನಿಟ್ಟುಸಿರು. ಎರಡನ್ನೂ ಬದಲಾಯಿಸಲು ಆರು ವರ್ಷ ದುಡ್ಡು ಕೂಡಿಟ್ಟಿದ್ದಾಯಿತು. ಆಸ್ಪತ್ರೆಯವರು ನಾಲ್ಕು ತಿಂಗಳ ಆಚೆಯ ಒಂದು ಗುರುವಾರವನ್ನು ಗೊತ್ತುಮಾಡಿದರು. ಅಷ್ಟು ದಿನ ದುಡ್ಡು ಬ್ಯಾಂಕಿನಲ್ಲಿ ತೆಪ್ಪಗೆ ಬಿದ್ದಿರುವುದನ್ನು ಅಣ್ಣ ಸಹಿಸಿಕೊಂಡಿದ್ದ. ಸಹಿಸಲಾಗದವನು ಅವನ ಷಡ್ಡಕ.

ಷಡ್ಡಕನೆಂದರೆ ಅತ್ತಿಗೆಯ ತಂಗಿಯ ಗಂಡ, ಟೈಲ್ಸ್ ಅಂಗಡಿಯ ಸೇಲ್ಸ್‌ಮನ್. ಫೋನಿನೊಳಗಷ್ಟೇ ಇರುವ ಕ್ರಿಪ್ಟೊ ನಾಣ್ಯ ಕೊಂಡಂದಿನಿಂದ ತಾನು ಮಾರುವ ಟೈಲ್ಸಿನ ಮೇಲೆ ಕಾಲಿಡುವುದೇ ದೊಡ್ಡ ಉಪಕಾರವೆಂಬಂತೆ ನಡೆಯುತ್ತಿದ್ದ.

“ಭಾವ, ಈ ನಾಣ್ಯ ಜಗತ್ತಲ್ಲಿ ಇರೋದೇ ಇಷ್ಟು. ಇನ್ನೊಂದು ಹುಟ್ಟಿಸೋ ಹಾಗಿಲ್ಲ. ಕೊಳ್ಳೋರು ದಿನಾ ಹೆಚ್ತಿದಾರೆ. ಬೆಲೆ ಏರದೆ ಇನ್ನೆಲ್ಲಿಗೆ ಹೋಗುತ್ತೆ?”

“ಕೊಳ್ಳೋರು ಕಮ್ಮಿಯಾದ್ರೆ?”

“ಬಾಯಲ್ಲಿ ಒಳ್ಳೇ ಮಾತು ಬರಲಿ, ಭಾವ!”

ಅಣ್ಣ ಬ್ಯಾಂಕಿನ ದುಡ್ಡನ್ನೆಲ್ಲ ಸುರಿದು ಕೊಂಡ. ಹೆಂಡತಿಗೆ ಹೇಳಲಿಲ್ಲ, ಒಂದಿಷ್ಟು ಬೆಳೆದ ಮೇಲೆ ಹೇಳಿದರೆ ಚೆನ್ನಾಗಿರುತ್ತದೆಂದು. ನೋಟ್‌ಬುಕ್ಕಿನಲ್ಲಿ ನಾಣ್ಯಕ್ಕೂ ಒಂದು ಪುಟ ಮೀಸಲಾಯಿತು. ಬೆಳಗ್ಗೆ ಒಂಬತ್ತಕ್ಕೆ ಗಡಿಯಾರಗಳ ಸರದಿ ಮುಗಿಸಿ ಅದರ ಬೆಲೆಯನ್ನೂ ಬರೆದ. ಹನ್ನೊಂದು ದಿನ ಏರಿತು. ಹನ್ನೊಂದು ದಿನ ಇಳಿಯಿತು. ಮತ್ತೆ ಹನ್ನೊಂದು ದಿನ ಏರಿತು. ಅಣ್ಣನಿಗೆ ಮೈ ಜುಮ್ಮೆಂದಿತು.

“ಇದು ಲೋಲಕ ಕಣಯ್ಯಾ” ಎಂದು ಷಡ್ಡಕನಿಗೆ ಹೇಳಿದ. ಷಡ್ಡಕ ಅದನ್ನು ತನ್ನದೇ ಸಂಶೋಧನೆಯೆಂದು ಗಿರಾಕಿಗಳಿಗೆಲ್ಲ ಹೇಳಿದ. ಅಣ್ಣ ಬೆರಳು ಮಡಿಸಿ ಎಣಿಸಿದ: ಆಪರೇಷನ್ನಿನ ಹಿಂದಿನ ದಿನ ಬೆಲೆ ತುತ್ತತುದಿಯಲ್ಲಿರಬೇಕು. ಎರಡು ಮೊಣಕಾಲು, ಜೊತೆಗೆ ಆಸ್ಪತ್ರೆಯಲ್ಲಿ ಪ್ರತ್ಯೇಕ ರೂಮು!

ಎರಡು ತಿಂಗಳು ಲೆಕ್ಕ ಹಾಗೇ ನಡೆಯಿತು. ಕೊನೆಯ ತಿಂಗಳು ಇಳಿತದ ಸರದಿ ಶುರುವಾಯಿತು. ಎಲ್ಲೋ ದೂರದ ದೇಶದ ಮಂತ್ರಿಯೊಬ್ಬರು ಈ ನಾಣ್ಯಗಳಿಗೆ ಮೂಗುದಾರ ಹಾಕಬೇಕೆಂದರಂತೆ. ಅದನ್ನು ಕೇಳಿ ರಾಶಿ ರಾಶಿ ಇಟ್ಟುಕೊಂಡಿದ್ದ ಯಾರೋ ಕುಳ ಒಮ್ಮೆಗೇ ಮಾರಿದನಂತೆ. ಬೆಲೆ ಕುಸಿದದ್ದೇ ತಡ, ಸಾಲ ತಂದು ಕೊಂಡವರ ನಾಣ್ಯಗಳನ್ನು, ದುಡ್ಡು ಮುಳುಗೀತೆಂದು, ಸಾಲ ಕೊಟ್ಟವರೇ ಮಾರಿಹಾಕಿದರು. ಅದರಿಂದ ಇನ್ನಷ್ಟು ಕುಸಿಯಿತು. ಅಣ್ಣ ಮಾತ್ರ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, “ಇನ್ನೂ ಎಂಟನೇ ದಿನ” ಎನ್ನುತ್ತಿದ್ದ.

ಹನ್ನೊಂದು ಕಳೆಯಿತು. ಹನ್ನೆರಡನೆಯ ದಿನ ಇನ್ನೂ ಇಳಿಯಿತು. ಅಣ್ಣ ನಾಣ್ಯವನ್ನು ಅನುಮಾನಿಸಲಿಲ್ಲ, ಎಣಿಕೆಯಲ್ಲಿ ತಾನೇ ತಪ್ಪಿರಬೇಕೆಂದು ಕ್ಯಾಲೆಂಡರ್ ಇಳಿಸಿ ಮತ್ತೆ ಎಣಿಸಿದ. ಇಪ್ಪತ್ತೊಂದನೆಯ ದಿನ, ಮಂಗಳವಾರ, ಒಂದು ಕಣ್ಣು ಫೋನಿನ ಮೇಲಿಟ್ಟೇ ಚಿಮಟ ಹಿಡಿದ. ಸಾಸಿವೆಗಿಂತ ಚಿಕ್ಕ ತಿರುಪೊಂದು ನೆಲಕ್ಕೆ ಬಿದ್ದು ಸಿಗದೇ ಹೋಯಿತು. ಮೂವತ್ತೊಂದು ವರ್ಷದಲ್ಲಿ ಇದೇ ಮೊದಲು.

ಅಲಾರಂ ಗಡಿಯಾರ ಒಯ್ಯಲು ಬಂದ ಎದುರಂಗಡಿಯ ತರಕಾರಿಯಕ್ಕ ಅವನ ಮುಖ ನೋಡಿ ವಿಷಯ ಹೊರಡಿಸಿದಳು.

“ಬೆಳಗ್ಗೆ ಟೊಮೆಟೊಗೆ ನಾನು ಹೇಳಿದ್ದೇ ರೇಟು. ಸಂಜೆ ಜನ ಕಮ್ಮಿಯಾದ್ರೆ ಅವರು ಹೇಳಿದ್ದೇ ರೇಟು. ಪಕ್ಕದೋನು ಇಳಿಸಿ ಕೂಗಿದ್ರೆ ನಾನೂ ಇಳಿಸ್ತೀನಿ, ಕೊಳೆತುಹೋಗುತ್ತಲ್ಲ ಅಂತ. ನಿನ್ನ ನಾಣ್ಯ ಕೊಳೆಯಲ್ವಲ್ಲ, ಜನ ಯಾಕೆ ಹೆದರ್ತಾರೆ?”

“ಪಕ್ಕದೋರು ಹೆದರಿದಾರೆ ಅಂತ.”

“ಸರಿಹೋಯ್ತು! ಇನ್ನು ಅದನ್ನ ಹಿಡಿದು ನಿಲ್ಲಿಸೋರು ಯಾರು?”

ಅಣ್ಣ ಗೋಡೆಯ ಗಡಿಯಾರಗಳ ಕಡೆ ತಿರುಗಿದ. ಲೋಲಕ ನಡುವಿಗೆ ಮರಳುವುದು ಭೂಮಿ ಎಳೆಯುವುದರಿಂದ. ನಾಣ್ಯವನ್ನು ಎಳೆಯಲು ಕೆಳಗೆ ಯಾವ ಭೂಮಿಯೂ ಇರಲಿಲ್ಲ. ಆಸೆಬುರುಕರೂ ಪುಕ್ಕಲರೂ ಇದ್ದರು, ಅವರಲ್ಲಿ ತಾನೂ ಒಬ್ಬ.

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು: ನಾಳೆ, ಬುಧವಾರ, ಮಧ್ಯಾಹ್ನದೊಳಗೆ ದುಡ್ಡು ಕಟ್ಟಬೇಕು. ಆ ಗಳಿಗೆಯ ಬೆಲೆಗೆ ಮಾರಿದರೆ ಒಂದು ಮೊಣಕಾಲಿಗೆ ಆಗಿ, ಔಷಧಿಗೆ ತುಸು ಮಿಗುತ್ತಿತ್ತು. ಅಣ್ಣ ಷಡ್ಡಕನಿಗೆ ಫೋನು ಹಚ್ಚಿದ.

“ಮಾರ್ಬೇಡಿ ಭಾವ! ಇಂಥಾ ಹೊತ್ತಲ್ಲೇ ಗುಂಡಿಗೆ ಗಟ್ಟಿ ಇರ್ಬೇಕು.”

“ನನಗೆ ಬೇಕಾಗಿರೋದು ಗುಂಡಿಗೆಯಲ್ಲಪ್ಪ, ಮೊಣಕಾಲು. ನೀನು ಮಾರಿದ್ಯಾ?”

ಆ ಕಡೆ ಗಂಟಲು ಸರಿಮಾಡಿಕೊಳ್ಳುವ ಸದ್ದು. “ನಾನು... ಹೋದ ವಾರ, ಒಂದು ಸ್ವಲ್ಪ...”

“ಎಷ್ಟು ಸ್ವಲ್ಪ?”

“ಎಲ್ಲಾನೂ.”

ಅಣ್ಣ ಮಾರಿದ. ಫೋನಿನಲ್ಲಿ ಗುಂಡಿ ಒತ್ತಿ, ಮಾರುವುದು ಹೌದೇ ಎಂದು ಅದು ಕೇಳಿ, ಹೌದು ಎನ್ನುವಷ್ಟರಲ್ಲಿ ಔಷಧಿಯ ದುಡ್ಡೂ ಕರಗಿತ್ತು.

ಹದಿನೇಳು ಮೆಟ್ಟಿಲು ಹತ್ತಲು ಅವತ್ತು ಅವನಿಗೇ ಹತ್ತು ನಿಮಿಷ ಹಿಡಿಯಿತು. ಅತ್ತಿಗೆ ಕುರ್ಚಿಯಲ್ಲಿ ಕೂತು ಆಸ್ಪತ್ರೆಯ ಚೀಲಕ್ಕೆ ಬಟ್ಟೆ ಮಡಿಸುತ್ತಿದ್ದಳು. ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಮಡಿಸಿದ ಟವೆಲನ್ನು ಬಿಡಿಸಿ ಮತ್ತೆ ಮಡಿಸಿದಳು.

“ಎರಡಕ್ಕೆ ಕೂಡಿಟ್ಟಿದ್ದು.”

“ಹೂಂ.”

“ಈಗ ಒಂದಕ್ಕಿದೆ. ಯಾವುದಕ್ಕೆ ಅಂತ ಕೇಳೋಕೆ ಬಂದ್ರಾ?”

ಅಣ್ಣ ಕೆಳಗೆ ಬಿದ್ದಿದ್ದ ಬಟ್ಟೆಯೊಂದನ್ನು ಎತ್ತಿ ಚೀಲಕ್ಕಿಟ್ಟ.

“ಬಲಗಾಲಿಗೆ ಹೇಳಿ” ಎಂದಳು ಕೊನೆಗೆ. “ಎಡಗಾಲಿನ ಭಾರ ಇನ್ಮೇಲೆ ನೀವು ಹೊರಿ. ದಿನಾ, ಹದಿನೇಳು ಮೆಟ್ಟಿಲು. ತಪ್ಪಿಸಿದ್ರೆ ನೋಡಿ.”

ಗುರುವಾರ ಬೆಳಗ್ಗೆ ಆಪರೇಷನ್ ಕೋಣೆಯ ಬಾಗಿಲು ಮುಚ್ಚಿಕೊಂಡಿತು. ಎರಡು ತಾಸಿನ ಕೆಲಸ ಎಂದಿದ್ದರು, ಮೂರು ತಾಸಾಗುತ್ತ ಬಂದಿತ್ತು. ಷಡ್ಡಕ ಕೈಯಲ್ಲಿ ಫೋನು ಹಿಡಿದು, ಮುಖವನ್ನೆಲ್ಲ ಕಣ್ಣು ಮಾಡಿಕೊಂಡು, ಬೆಂಚಿನ ಪಕ್ಕಕ್ಕೆ ಬಂದು ಕೂತ.

“ಭಾವ, ಇವತ್ತು ನಾಣ್ಯ...”

“ಏರಿದ್ರೂ ಹೇಳ್ಬೇಡ, ಇಳಿದ್ರೂ ಹೇಳ್ಬೇಡ” ಎಂದ ಅಣ್ಣ, ಬಾಗಿಲಿನಿಂದ ಕಣ್ಣು ಕೀಳದೆ. “ಆ ಬಾಗಿಲು ತೆರೆದ್ರೆ ಹೇಳು.”