ಗಡ್ಡ ಕೆರೆಸುವ ಬೆಲೆ

ಸೂರ್ಯ ಆಲೂಗಡ್ಡೆ ಹೊಲದಾಚೆಯಿಂದ ಈಗಷ್ಟೇ ಇಣುಕುತ್ತಿದ್ದಾನೆ. ರಾತ್ರಿಯ ಉಡುಪಿನ ಮೇಲೆ ಗಂಡನ ಕೋಟು ಹೊದ್ದು, ಮನೆಚಪ್ಪಲಿಯಲ್ಲೇ ಬಂದು, ರೆನೆಟ್ ಡ್ಯೂಬೇ ಶೆಡ್ಡಿನ ಪೂರ್ವದ ಕಿಟಕಿಗೆ ಎದುರಾಗಿ ನಿಂತಿದ್ದಾರೆ. ಕೈಯಲ್ಲಿ ನೆರೆಯವರೊಬ್ಬರ ಹಳೆಯ ಬೇಟೆಕೋವಿ. ಗುಂಡಿನ ಗೂಡು ತೆರೆದು ಕಣ್ಣಿಟ್ಟು ನೋಡುತ್ತಾರೆ, ಸಾಲದೆಂದು ಕಿರುಬೆರಳು ತೂರಿಸಿ ನೋಡುತ್ತಾರೆ. ಖಾಲಿ ಎಂದು ಖಾತ್ರಿಯಾದ ಮೇಲೆ ನಳಿಗೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಫೋಟೊ ತೆಗೆಯತೊಡಗುತ್ತಾರೆ.

“ಮಧ್ಯಾಹ್ನದ ಬೆಳಕು ಬಂದ ನೆಂಟರ ಹಾಗೆ, ಎಲ್ಲಾ ಚೆನ್ನಾಗಿದೆ ಅನ್ನುತ್ತೆ. ಬೆಳಗಿನ ಬೆಳಕು ಅತ್ತೆ ಹಾಗೆ. ಒಂದು ಗೀರೂ ಬಿಡಲ್ಲ” ಎನ್ನುತ್ತಾರೆ.

ಅರವತ್ತಮೂರರ ರೆನೆಟ್, ಮೇನ್ ರಾಜ್ಯದ ಉತ್ತರದ ತುದಿಯಲ್ಲಿ, ಹೊಳೆ ದಾಟಿದರೆ ಕೆನಡಾ ಎನ್ನುವಂಥ ಕಣಿವೆಯಲ್ಲಿ, ಶಾಲೆಯ ಹಳದಿ ಬಸ್ಸು ಓಡಿಸುತ್ತಾರೆ. ಬಸ್ಸಿನ ಮಕ್ಕಳಿಂದ ಹಿಡಿದು ಊರಿನ ಗಡ್ಡ ಬಂದ ಗಂಡಸರವರೆಗೆ ಎಲ್ಲರಿಗೂ ಅವರು ಚಿಕ್ಕಮ್ಮ. ಅದು ಸಂಬಳದ ಕೆಲಸ. ಸಂಬಳವಿಲ್ಲದ್ದು ಈ ಶೆಡ್ಡಿನಲ್ಲಿದೆ. ಇಲ್ಲಿ ಕೋವಿ ಇಲ್ಲದ ಮನೆಯಿಲ್ಲ. ಸೆಪ್ಟೆಂಬರ್ ಬಂತೆಂದರೆ ಅರ್ಧ ಊರಿಗೆ ಹಳೆಯದನ್ನು ಮಾರಿ ಬೇರೆಯದನ್ನು ಕೊಳ್ಳುವ ಹುಚ್ಚು ಹತ್ತುತ್ತದೆ. ದಲ್ಲಾಳಿಯಿಲ್ಲದೆ ತಾವೇ ಆನ್‌ಲೈನ್‌ನಲ್ಲಿ ಜಾಹೀರಾತು ಹಾಕಿ ಮಾರುತ್ತಾರೆ. ಆದರೆ ಎಷ್ಟು ಕೇಳಬೇಕು? ಆ ಪ್ರಶ್ನೆ ಹೊತ್ತವರೆಲ್ಲ ಈ ಶೆಡ್ಡಿಗೆ ಬರುತ್ತಾರೆ, ಸುಗ್ಗಿಯ ಹೊತ್ತಿನಲ್ಲಿ ವಾರಕ್ಕೆ ಹತ್ತು ಹನ್ನೆರಡು ಜನ. ಕೂಲಿಯೆಂದರೆ ಒಂದು ಡಜನ್ ಮೊಟ್ಟೆ, ಇಲ್ಲವೇ ಪ್ಲೊಯ್ ದೋಸೆಗೆ ಒಂದು ಚೀಲ ಬಕ್‌ವೀಟ್ ಹಿಟ್ಟು.

ಇವತ್ತು ಶನಿವಾರ, ಬಸ್ಸಿಗೆ ರಜೆ. ನಿಧಾನವಾಗಿ ಕೆಲಸ ಮಾಡೋಣವೆಂದು ಅವರು ಅಂದುಕೊಳ್ಳುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತದೆ. ಆ ಕಡೆ ಗಿಲ್ಮನ್ ಮಿಶೋ, ಎಪ್ಪತ್ತೆರಡರ ನಿವೃತ್ತ ಆಲೂಗಡ್ಡೆ ಬೆಳೆಗಾರರು.

“ರೆನೆಟ್, ಎದ್ದಿದೀಯೇನೇ? ಒಂಬತ್ತಕ್ಕೆ ನನ್ನ ಕೋವಿ ತರ್ತೀನಿ. ನಮ್ಮ ಡಾರೆಲ್ ಗ್ಯಾರೇಜಲ್ಲಿ ಪಾಲಿಶ್ ಹೊಡೀತಾ ಇದಾನೆ. ಮದುಮಗನ ಬೂಟು ಇದ್ದಂಗೆ ಫಳಫಳ ಅಂತಿದೆ!”

“ಏನು? ನಿಲ್ಸು! ಈಗ್ಲೇ ನಿಲ್ಸು! ಮೆಶೀನಿನ ವೈರು ಕಿತ್ತಾಕು!”

“ಕೇಳಿಸ್ತಿಲ್ಲ ಕಣೇ, ಮೆಶೀನ್ ಸದ್ದು!”

ಗಂಡ ಕ್ಲೋವಿಸ್, ಅಂದರೆ ಕೋಟಿನ ಒಡೆಯ, ಪಿಕಪ್ ತೆಗೆದುಕೊಂಡು ಹೊಲಕ್ಕೆ ಹೋಗಿಯಾಗಿದೆ. ಅಂಗಳದಲ್ಲಿ ಉಳಿದಿರುವ ವಾಹನ ಒಂದೇ. ಶನಿವಾರ ಬೆಳಗ್ಗೆ ಹಳದಿ ಬಸ್ಸು ಊರ ಬೀದಿಯಲ್ಲಿ ದೂಳೆಬ್ಬಿಸಿಕೊಂಡು ಬಂದದ್ದನ್ನು ನೋಡಿ ಮಕ್ಕಳು ಗಾಬರಿಯಾಗಿ ಮುಸುಕೆಳೆದುಕೊಂಡರೆಂದು ಆಮೇಲೆ ಊರೆಲ್ಲ ನಕ್ಕಿತು. ಸ್ಟಿಯರಿಂಗ್ ಹಿಡಿದವರಿಗೆ ಆಗ ನಗು ಬರುವಂತಿರಲಿಲ್ಲ.

ಏಕೆಂದರೆ ಆ ಕೋವಿಯ ಹಿಂದೆ ಒಂದು ಮೂಸ್ ನಿಂತಿದೆ. ಕುದುರೆಗಿಂತ ಎತ್ತರದ ಆ ಕೊಂಬಿನ ಪ್ರಾಣಿಯನ್ನು ಬೇಟೆಯಾಡುವ ಪರವಾನಗಿ ಇಲ್ಲಿ ಲಾಟರಿಯಲ್ಲೇ ಸಿಗಬೇಕು. ರೆನೆಟ್ ಹರೆಯದಿಂದಲೂ ಪ್ರತಿ ವರ್ಷ ಹೆಸರು ಹಾಕುತ್ತಾರೆ, ಒಮ್ಮೆಯೂ ಎದ್ದಿಲ್ಲ. ಈ ಜೂನಿನಲ್ಲಿ ಗಿಲ್ಮನ್ ಹೆಸರು ಎದ್ದಿತು. ಅವರ ವಯಸ್ಸಿಗೆ ಇನ್ನೊಮ್ಮೆ ಏಳುವ ಆಸೆ ಇಟ್ಟುಕೊಳ್ಳುವಂತಿಲ್ಲ. ಪರವಾನಗಿಯಲ್ಲಿ ಜೊತೆಗಾರರೊಬ್ಬರಿಗೂ ಜಾಗ ಉಂಟು. ಆ ಜಾಗಕ್ಕಾಗಿ ಊರಿನ ಗಂಡಸರೆಲ್ಲ ಮೂರು ತಿಂಗಳಿಂದ ಗಿಲ್ಮನ್ ಮನೆಗೆ ಕಡುಬು, ಸಾಸೇಜು ಹೊರುತ್ತಿದ್ದಾರೆ. ತೊಂದರೆಯೆಂದರೆ ಅವರ ಕೋವಿ. 1937ರಲ್ಲಿ ಅಪ್ಪ ಕೊಂಡದ್ದು, ಹಾರಿಸಿದರೆ ಕತ್ತೆಯಂತೆ ಹೆಗಲಿಗೆ ಒದೆಯುತ್ತದೆ. ಆ ಹೆಗಲಿಗೋ ಹೋದ ವರ್ಷವಷ್ಟೇ ಶಸ್ತ್ರಚಿಕಿತ್ಸೆಯಾಗಿದೆ. ಮೆತ್ತಗೆ ಒದೆಯುವ ಇನ್ನೊಂದು ಕೋವಿಗೆ ಸಾವಿರ ಡಾಲರಿಗೆ ಮಾತಾಗಿದೆ. ಹಳೆಯದು ಮಾರಾಟವಾದರೆ ಬೇಟೆ, ಆಗದಿದ್ದರೆ ಗಿಲ್ಮನ್ ಮನೆಯಲ್ಲಿ ಕೂತು ಬೇರೆಯವರ ಮೂಸ್ ಕಥೆ ಕೇಳಬೇಕು.

ರೆನೆಟ್ ಗ್ಯಾರೇಜಿಗೆ ನುಗ್ಗಿದಾಗ ಅರ್ಧ ಕೆಲಸ ಮುಗಿದಿದೆ. ಕೋವಿಯ ಎಡಮಗ್ಗುಲು ಕನ್ನಡಿ, ಬಲಮಗ್ಗುಲಿನಲ್ಲಿ ಮಾತ್ರ ಉಕ್ಕಿನ ಮೇಲಿನ ಹಳೆಯ ಮಾಸಲು ನೀಲಿ ಲೇಪ.

“ಏನ್ ಚಿಕ್ಕಮ್ಮ, ಶನಿವಾರಾನೂ ಸ್ಕೂಲಾ?” ಎಂದು ಡಾರೆಲ್ ಹಲ್ಲು ಕಿರಿಯುತ್ತಾನೆ. ಗಿಲ್ಮನ್ ಅವರ ತಂಗಿಯ ಮಗ ಈತ, ಕಾರುಗಳಿಗೆ ಬಣ್ಣ ಹೊಡೆಯುವುದರಲ್ಲಿ ಎತ್ತಿದ ಕೈ.

“ನಿಮ್ಮಜ್ಜಿ ಪ್ಲೊಯ್ ಹುಯ್ಯೋ ಕಾವಲೀನ ಯಾವತ್ತಾದ್ರೂ ಉಜ್ಜಿ ಬೆಳ್ಳಗೆ ಮಾಡಿದ್ಯೇನೋ?”

“ಅಯ್ಯೋ, ಮಾಡಿದ್ರೆ ಅದೇ ಕಾವಲೀಲಿ ನನ್ನ ತಲೆಗೆ ಬಿಡ್ತಿದ್ರು.”

“ಮತ್ತೆ ಇದಕ್ಕೆ ಯಾಕೋ ಕೈ ಹಾಕ್ದೆ? ಹಳೇ ಕೋವಿ ಕೊಳ್ಳೋರು ಆ ಹಳೇ ಬಣ್ಣಕ್ಕೇ ದುಡ್ಡು ಕೊಡೋದು. ನಿನ್ನೆ ಇದು ಸಾವಿರದ ಎಂಟುನೂರು. ಇವತ್ತು ಸಾವಿರದ ಮೇಲೆ ಏನಾದ್ರೂ ಚೂರು ಬಂದ್ರೆ ನಿನ್ನ ಪುಣ್ಯ.”

ಗಿಲ್ಮನ್ ಅಲ್ಲೇ ಇದ್ದ ಟೈರಿನ ಮೇಲೆ ಕುಸಿದು ಕೂರುತ್ತಾರೆ. ಮದುವೆಗೆಂದು ಹೆಣ್ಣಿನ ತಲೆ ಬೋಳಿಸಿದಂತಾಯಿತು ಅವರ ಜಾಣತನ.

ರೆನೆಟ್‌ಗೂ ಈ ವಿದ್ಯೆ ಪೆಟ್ಟು ತಿಂದೇ ಬಂದದ್ದು. ಅಣ್ಣ ಲೂಸಿಯನ್ ಕಾಡಿನಲ್ಲಿ ಮರ ಬಿದ್ದು ಸತ್ತಾಗ ಅತ್ತಿಗೆಯ ಕೈಯಲ್ಲಿ ಉಳಿದದ್ದು ಅವನ ಕೋವಿಗಳಷ್ಟೇ. ನಯವಾಗಿ ಮಾತಾಡುವವನೊಬ್ಬ ಬಂದು, ಪಾಪ ಪಾಪ ಎನ್ನುತ್ತ, ಎಲ್ಲವನ್ನೂ ಒಟ್ಟಿಗೆ ಪುಡಿಗಾಸಿಗೆ ಎತ್ತಿಕೊಂಡು ಹೋದ. ಒಂದೇ ವಾರದಲ್ಲಿ ಅವು ಆನ್‌ಲೈನ್‌ನಲ್ಲಿ ಮೂರು ಪಟ್ಟು ಬೆಲೆಗೆ ನಿಂತಿದ್ದವು. ಸಿಟ್ಟಿಗೆದ್ದ ರೆನೆಟ್ ತಮ್ಮ ಮನೆಯ ಒಂದು ಕೋವಿಗೆ ಬೇರೆ ಜಾಹೀರಾತುಗಳನ್ನು ನೋಡಿ ಅಷ್ಟೇ ದೊಡ್ಡ ಬೆಲೆ ಹಾಕಿದರು. ಚಳಿಗಾಲ ಪೂರ್ತಿ ಒಂದು ನರಪಿಳ್ಳೆಯೂ ಮೂಸಿ ನೋಡಲಿಲ್ಲ.

“ಆಗ ತಲೆಗೆ ಹೋಯ್ತು. ಜಾಹೀರಾತಲ್ಲಿ ಕೂತಿರೋದು ಕೇಳಿದ ಬೆಲೆ. ಕೇಳೋಕೇನು, ನಾನು ಚಂದ್ರನ್ನೂ ಕೇಳ್ತೀನಿ. ಕೊಟ್ಟ ಬೆಲೆ ಎಷ್ಟು ಅಂತ ಹುಡುಕ್ಬೇಕು” ಎನ್ನುತ್ತಾರೆ. ಅಂದಿನಿಂದ ಮಾರಾಟ ಮುಗಿದ ಕೋವಿಗಳನ್ನೇ ಹುಡುಕುತ್ತಾರೆ, ಮಾರಿದವರಿಗೆ ಫೋನು ಮಾಡಿ ನಾಚಿಕೆಯಿಲ್ಲದೆ ವಿಚಾರಿಸುತ್ತಾರೆ. ಅಪ್ಪ ಇದರಲ್ಲಿ ಎಷ್ಟು ಜಿಂಕೆ ಹೊಡೆದರು ಎಂಬ ಕಥೆಯನ್ನೆಲ್ಲ ಕಿವಿಗೊಟ್ಟು ಕೇಳಿ, ಬೆಲೆಯಲ್ಲಿ ಅದಕ್ಕೊಂದು ಕಾಸೂ ಸೇರಿಸುವುದಿಲ್ಲ.

ಕೊನೆಯ ಪರೀಕ್ಷೆ ಮಾತ್ರ ಚರ್ಚಿನ ಹಿಂದಿನ ಸಭಾಂಗಣದಲ್ಲಿ. ಶನಿವಾರ ಸಂಜೆ ಊರವರೆಲ್ಲ ಅಲ್ಲಿ ಬೇಯಿಸಿದ ಬೀನ್ಸ್ ಕಾಳು, ಪ್ಲೊಯ್ ತಿನ್ನಲು ಸೇರುತ್ತಾರೆ. ಕಾಳು ಮುಗಿದು ಸಿಹಿ ಬರುವ ಮುಂಚೆ ರೆನೆಟ್ ಎದ್ದು ಕೋವಿಯ ವಿವರ, ಬೆಲೆ ಗಟ್ಟಿಯಾಗಿ ಹೇಳುತ್ತಾರೆ. ಜನ ನಕ್ಕರೆ ಬೆಲೆ ಜಾಸ್ತಿ. ಯಾರಾದರೂ ಪರ್ಸಿಗೆ ಕೈಹಾಕಿ ಎದ್ದರೆ ಕಡಿಮೆ. “ನಗಬಾರದು, ಓಡಿ ಬರಲೂಬಾರದು. ಗಡ್ಡ ಕೆರ್ಕೊಂಡು ಯೋಚಿಸ್ಬೇಕು. ಆಗ ಬೆಲೆ ಸರಿಯಾಗಿದೆ ಅಂತ.”

ಆ ಸಂಜೆ ರೆನೆಟ್ ಏಳುವ ಮುಂಚೆಯೇ ಗಿಲ್ಮನ್ ಎದ್ದು ನಿಲ್ಲುತ್ತಾರೆ. ಕೋವಿಯ ಬಲಮಗ್ಗುಲಿನ ಫೋಟೊವನ್ನಷ್ಟೇ ಎತ್ತಿ ಹಿಡಿದು, “ಸಾವಿರದ ಎಂಟುನೂರು!” ಎಂದು ಕೂಗುತ್ತಾರೆ.

ಸಭಾಂಗಣ ಬಿದ್ದು ಬಿದ್ದು ನಗುತ್ತದೆ. ಡಾರೆಲ್ ಮಧ್ಯಾಹ್ನವೇ ಊರಿಗೆಲ್ಲ ಸುದ್ದಿ ಹಂಚಿ ಮುಗಿಸಿದ್ದಾನೆ.

“ಇನ್ನೊಂದು ಮಗ್ಗುಲು ತೋರ್ಸು ಗಿಲ್ಮನ್! ಮುಖ ನೋಡ್ಕೊಂಡು ಕ್ಷೌರ ಮಾಡ್ಕೋಬೋದಂತಲ್ಲ!” ಎಂದು ಮೂಲೆಯಿಂದ ಯಾರೋ ಚುಚ್ಚುತ್ತಾರೆ.

ರೆನೆಟ್ ನಗುವುದಿಲ್ಲ. ಗಿಲ್ಮನ್ ಪಕ್ಕಕ್ಕೆ ಹೋಗಿ ತಗ್ಗಿದ ದನಿಯಲ್ಲಿ, “ನೀನೇ ಹೇಳು. ಕೆಟ್ಟಿದ್ದನ್ನ ನೀನೇ ಮೊದ್ಲು ಹೇಳು” ಎನ್ನುತ್ತಾರೆ. ಮುದುಕರ ಕಿವಿ ಕೆಂಪಾಗಿದೆ. ಎಡಮಗ್ಗುಲಿನ ಫೋಟೊವನ್ನೂ ಹೊರತೆಗೆದು, ಹೊಳಪನ್ನು ಎಲ್ಲರಿಗೂ ತೋರಿಸಿ, “ನಮ್ಮ ಹುಡುಗಂದು ತಪ್ಪಲ್ಲ. ನಾನೇ ಹೇಳಿ ಕೆಡಿಸ್ಕೊಂಡೆ” ಎಂದು ಬಾಯಿಬಿಡುತ್ತಾರೆ. ರೆನೆಟ್ ಬೆಲೆ ಹೇಳುತ್ತಾರೆ: ಸಾವಿರದ ಐವತ್ತು. ನಗು ನಿಲ್ಲುತ್ತದೆ. ಒಬ್ಬ ಚಮಚ ಕೆಳಗಿಡುತ್ತಾನೆ. ಆಮೇಲೆ ಒಂದಲ್ಲ, ಮೂರು ಮೇಜುಗಳಲ್ಲಿ ಗಡ್ಡಗಳು ಕೆರೆಯಲ್ಪಡುತ್ತವೆ!

ಸೋಮವಾರ ರೆನೆಟ್ ಆನ್‌ಲೈನ್‌ನಲ್ಲಿ ಹಾಕುವ ಜಾಹೀರಾತಿನಲ್ಲಿ ಮೊದಲ ಫೋಟೊ ಕೆಟ್ಟ ಮಗ್ಗುಲಿನದೇ. ಕೆಳಗೆ ಒಂದು ಸಾಲು: ಬೆಲೆ ಇದೇ, ಚೌಕಾಸಿ ಇಲ್ಲ. ಗಿಲ್ಮನ್ ತಲೆ ಚಚ್ಚಿಕೊಳ್ಳುತ್ತಾರೆ. “ಇನ್ನೂರು ಜಾಸ್ತಿ ಹಾಕೇ, ಎಲ್ರೂ ಹಾಕ್ತಾರೆ. ಅವ್ರು ಇಳ್ಸಿದ್ರೂ ನಂಗೆ ಸಾವಿರ ಉಳಿಯುತ್ತೆ.”

“ಇಳ್ಸೋಕೆ ಅಂತ ಏರ್ಸಿದ್ರೆ ಅದು ಸುಳ್ಳು ಬೆಲೆ. ಓದೋರಿಗೆ ವಾಸನೆ ಹೊಡೆಯುತ್ತೆ” ಎಂದು ರೆನೆಟ್ ಬಾಯಿ ಮುಚ್ಚಿಸುತ್ತಾರೆ.

ಮಂಗಳವಾರ ಕಳೆಯುತ್ತದೆ, ಬುಧವಾರವೂ. ಒಂದು ಫೋನಿಲ್ಲ. ಜೊತೆಗಾರನ ಜಾಗಕ್ಕೆ ಕಡುಬು ಹೊರುತ್ತಿದ್ದವರೂ ಗಿಲ್ಮನ್ ಮನೆಯ ದಾರಿ ಮರೆಯುತ್ತಾರೆ. ಬಸ್ಸು ಓಡಿಸುವಾಗಲೂ ರೆನೆಟ್ ಮನಸ್ಸಿನಲ್ಲೇ ಬೆಲೆಯ ಲೆಕ್ಕವನ್ನು ಮತ್ತೆ ಮತ್ತೆ ಹಾಕುತ್ತಾರೆ. ಲೆಕ್ಕ ತಪ್ಪಿದರೆ ತಪ್ಪಿಹೋಗುವುದು ಮುದುಕರೊಬ್ಬರ ಕಡೆಯ ಮೂಸ್.

ಗುರುವಾರ ಸಂಜೆ ಫೋನು ಬರುತ್ತದೆ. ಶನಿವಾರ ಬೆಳಗ್ಗೆ ಆರ್ಡಿಸ್ ಎಂಬ ಹೆಂಗಸು, ಕಾಗದದ ಕಾರ್ಖಾನೆಯ ಮೆಕ್ಯಾನಿಕ್, ದಕ್ಷಿಣದಿಂದ ಮೂರು ಗಂಟೆ ಗಾಡಿ ಓಡಿಸಿಕೊಂಡು ಬರುತ್ತಾರೆ. ಪೇಟೆಯ ಲೈಸೆನ್ಸುದಾರ ಕೋವಿ ಅಂಗಡಿಯಲ್ಲಿ, ಕಾನೂನಿನಂತೆ, ಕೊಳ್ಳುವವರ ಹಿನ್ನೆಲೆ ತಪಾಸಣೆ ನಡೆಯುತ್ತಿರುವಾಗ ಅವರು ಕೋವಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎರಡೂ ಮಗ್ಗುಲು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಗಿಲ್ಮನ್, ರೆನೆಟ್ ಇಬ್ಬರೂ ಅಲ್ಲೇ ನಿಂತಿದ್ದಾರೆ. ಆರ್ಡಿಸ್ ಒಂದು ಡಾಲರೂ ಇಳಿಸದೆ ಸಾವಿರದ ಐವತ್ತನ್ನು ಎಣಿಸಿಡುತ್ತಾರೆ.

“ಕೆಟ್ಟ ಮಗ್ಗುಲನ್ನ ಮೊದ್ಲು ತೋರ್ಸಿದ ಜಾಹೀರಾತು ನಾನು ಕಂಡಿದ್ದು ಇದೊಂದೇ. ಬಚ್ಚಿಡೋರಾಗಿದ್ರೆ ಇದನ್ನೇ ಬಚ್ಚಿಡ್ತಿದ್ರು. ಅದಕ್ಕೇ ಬಂದೆ” ಎನ್ನುತ್ತಾರೆ.

ಗಿಲ್ಮನ್ ಅಂಗಡಿಯ ಹೊರಗೆ ಬಂದು ಒಂದು ಸುತ್ತು ಕುಣಿದೇಬಿಡುತ್ತಾರೆ, ಹೆಗಲು ನೋವನ್ನೂ ಮರೆತು. ಆಮೇಲೆ ಏದುಸಿರು ಬಿಡುತ್ತ ರೆನೆಟ್ ಕಡೆ ತಿರುಗುತ್ತಾರೆ.

“ಜೊತೆಗಾರನ ಹೆಸರು ಬರೆಸ್ದೆ ಕಣೇ.”

“ಯಾರದು, ಡಾರೆಲ್‌ದಾ?”

“ಅವ್ನನ್ನ ಕರ್ಕೊಂಡು ಹೋದ್ರೆ ಮೂಸ್‌ಗೂ ಪಾಲಿಶ್ ಹೊಡೀತಾನೆ. ನಿಂದು.”

ಊರಿಗೆಲ್ಲ ಬೆಲೆ ಹೇಳುವ ರೆನೆಟ್ ಕೋಟಿನ ತೋಳಿನಿಂದ ಮೂಗೊರೆಸಿಕೊಳ್ಳುತ್ತಾರೆ. ಮೂಸ್ ಸಿಕ್ಕರೆ ಯಾರು ಮೊದಲು ಗುಂಡು ಹಾರಿಸುತ್ತೀರಿ ಎಂದು ಕೇಳಿದರೆ ತಲೆಯಾಡಿಸುತ್ತಾರೆ.

“ಅವ್ನೇ ಹಾರಿಸ್ಲಿ, ಅವ್ನ ಮೂಸ್. ಇಷ್ಟು ವರ್ಷ ಬೆಳಗಿನ ಬೆಳಕಲ್ಲಿ ಬರೀ ಗೀರು ಹುಡುಕಿದೀನಿ. ಅದೇ ಬೆಳಕಲ್ಲಿ ಒಂದ್ಸಲ ಮೂಸ್ ಕಾಡಿಂದ ಎದ್ದು ಬರೋದು ನೋಡ್ಬೇಕು. ನಂಗೆ ಅಷ್ಟು ಸಾಕು.”